ದಾರಿ ತೋರಿಸಿದವನು ಕಲಿತದ್ದು

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬುದು ನಮ್ಮ ಹಳೆಯ ಗಾದೆ. ಕಾಯುತ್ತ ಕುಳಿತವನು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವ ಮಾತು ಅದು. ಆದರೆ ಮೂವತ್ತು ವರ್ಷ ಹಂಪೆಯ ಬಿಸಿಲಿನಲ್ಲಿ ಪ್ರವಾಸಿಗಳಿಗೆ ದಾರಿ ತೋರಿಸಿದ ನನಗೆ ಆ ಗಾದೆ ತನ್ನ ಅಕ್ಷರಶಃ ಅರ್ಥದಲ್ಲಿಯೇ ಪಾಠವಾಯಿತು. ಊರಿಗೆ ಬಂದವರು ನೀರಿಗೆ ಬರುತ್ತಾರೆ, ನೆರಳಿಗೆ ಬರುತ್ತಾರೆ, ಕುಳಿತುಕೊಳ್ಳಲು ಒಂದು ಕಟ್ಟೆಯನ್ನು ಹುಡುಕುತ್ತಾರೆ. ಶಾಸನ, ಶಿಲ್ಪ, ಅರಸರ ವಂಶಾವಳಿ ಇವೆಲ್ಲ ಆಮೇಲಿನ ಮಾತು. ಪ್ರವಾಸಿ ತಾಣಗಳ ನಿರ್ವಹಣೆ ಎಂಬ ಗಂಭೀರ ಹೆಸರಿನ ಶಾಸ್ತ್ರವೊಂದಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಹಿಂದಿರುಗಿ ನೋಡಿದರೆ, ಅದರ ಪಾಠಗಳಲ್ಲಿ ಅರ್ಧದಷ್ಟನ್ನು ನಾನು ತಪ್ಪು ಮಾಡಿಯೇ ಕಲಿತಿದ್ದೆ. ಅಂಥ ಎರಡು ತಪ್ಪುಗಳ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ವಿಠ್ಠಲ ದೇವಾಲಯದ ಮಹಾಮಂಟಪವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅಲ್ಲಿಯ ದಪ್ಪ ಕಂಬದ ಸುತ್ತ ಸಣ್ಣ ಸಣ್ಣ ಕಂಬಗಳನ್ನು ಗೊಂಚಲಿನಂತೆ ಬಿಡಿಸಿದ್ದಾರೆ. ಈ ಸಣ್ಣ ಕಂಬವನ್ನು ಬೆರಳಿನಿಂದ ತಟ್ಟಿದರೆ ಕಲ್ಲು ದನಿಗೊಡುತ್ತದೆ. ಗಾತ್ರ ಬೇರೆಯಾದಂತೆ ದನಿಯೂ ಬೇರೆ. ಸಪ್ತಸ್ವರದ ಕಂಬಗಳೆಂದು ಜನ ಕರೆದರು. ಐವತ್ತಾರು ಇವೆಯೆಂದು ಲೆಕ್ಕವನ್ನೂ ಹೇಳಿದರು. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಈ ಕಂಬಗಳನ್ನು ನುಡಿಸಿ ತೋರಿಸದ ಮಾರ್ಗದರ್ಶಿ ಮಾರ್ಗದರ್ಶಿಯೇ ಅಲ್ಲ. ಬೆಳಗಿನಿಂದ ಬಿಸಿಲಿನಲ್ಲಿ ಸುತ್ತಿ ಬೇಸತ್ತಿದ್ದ ಜನ ಆ ಒಂದು ಸದ್ದಿಗೆ ಮಕ್ಕಳಂತೆ ಅರಳುತ್ತಿದ್ದರು. ಇದು ಮೃದಂಗ, ಇದು ಜಲತರಂಗ, ಇದು ಗಂಟೆ ಎಂದು ನಾನು ಹೇಳಿದರೆ ಅವರಿಗೆ ಹಾಗೆಯೇ ಕೇಳಿಸುತ್ತಿತ್ತು. ಬೆರಳು ನೋಯುತ್ತದೆಂದು ನಾನು ಒಂದು ಸಣ್ಣ ಗಂಧದ ಕೋಲನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಒಳಗೇನಿದೆಯೆಂದು ನೋಡಲು ಬ್ರಿಟಿಷರು ಎರಡು ಕಂಬಗಳನ್ನು ಕೊಯ್ಯಿಸಿದರೆಂಬ ಕಥೆಯನ್ನೂ ಸೇರಿಸುತ್ತಿದ್ದೆ. ಆ ಕಥೆಗೆ ಆಧಾರವೇನೆಂದು ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ದರೆ ನಾನು ತಬ್ಬಿಬ್ಬಾಗುತ್ತಿದ್ದೆ.

ಒಂದು ಚಳಿಗಾಲ ಶಾಲೆಯ ಮಕ್ಕಳ ತಂಡವೊಂದು ಬಂದಿತ್ತು. ನಾನು ಎಂದಿನಂತೆ ನುಡಿಸಿದೆ, ಮಕ್ಕಳು ಚಪ್ಪಾಳೆ ತಟ್ಟಿದರು, ಮುಂದಕ್ಕೆ ಹೊರಟೆವು. ಹಿಂದಿನಿಂದ ಕರ್ಕಶವಾದ ಒಂದು ಸದ್ದು ಕೇಳಿತು. ತಿರುಗಿ ನೋಡಿದರೆ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಕೈಯಲ್ಲಿ ಮುಷ್ಟಿಗಾತ್ರದ ಕಲ್ಲು ಹಿಡಿದು ನಿಂತಿದ್ದಾನೆ. ಅವನ ಕಾಲ ಬಳಿ ಕಂಬದ ಅಂಚಿನಿಂದ ಎದ್ದ ಚಕ್ಕೆ ಬಿದ್ದಿದೆ. ಮೇಷ್ಟರು ಓಡಿಬಂದು ಅವನ ಕಿವಿ ಹಿಂಡಿದರು. 'ಅವರೂ ಹೊಡೆದರಲ್ಲ ಸಾರ್' ಎಂದು ಹುಡುಗ ನನ್ನ ಕಡೆ ಕೈ ತೋರಿಸಿದ. ಮೇಷ್ಟರು ಇನ್ನೊಂದು ಬಿಟ್ಟರು, ಎದುರು ಮಾತನಾಡಿದ್ದಕ್ಕೆ. ಹುಡುಗ ಹೇಳಿದ್ದು ನಿಜ, ಅವನನ್ನು ಬಿಡಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಕೋಲನ್ನು ಜೇಬಿಗಿಳಿಸಿ, ಮುಂದಿನ ಮಂಟಪದ ವಿವರಣೆಯನ್ನು ಪ್ರಾರಂಭಿಸಿದೆ.

ಆ ದಿನದ ತರುವಾಯ ನಾನು ಕಂಬ ನುಡಿಸುವುದನ್ನು ಬಿಟ್ಟೆ. ಜನ ಗೊಣಗಿದರು, ಇನಾಮು ಕಡಿಮೆಯಾಯಿತು. ಆದರೆ ನುಡಿಸುವುದನ್ನು ಬಿಟ್ಟಾಗಿನಿಂದಲೇ ನಾನು ನೋಡುವುದನ್ನು ಕಲಿತೆನೆಂದು ಹೇಳಬೇಕು. ಅದುವರೆಗೆ ನಾನು ಪ್ರವಾಸಿಗಳ ಮುಖವನ್ನು ನೋಡುತ್ತಿದ್ದೆ, ಮೆಚ್ಚಿದರೋ ಇಲ್ಲವೋ ಎಂದು. ಆಮೇಲೆ ಅವರ ಕೈಕಾಲುಗಳನ್ನು ನೋಡತೊಡಗಿದೆ. ಬಿಡುವಿನ ದಿನಗಳಲ್ಲಿ, 1516ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ ನೂರು ಕಂಬದ ಮಂಟಪದ ನೆರಳಿನಲ್ಲಿ ಕುಳಿತು, ಜನ ಎಲ್ಲಿ ನಡೆಯುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾವುದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾರೆ ಎಂದು ಗಮನಿಸಿದೆ. ಮಧ್ಯಾಹ್ನವಾದಂತೆ ಗುಂಪೆಲ್ಲ ನೆರಳು ಸರಿದ ಕಡೆಗೇ ಸರಿಯುತ್ತಿತ್ತು. ಮೆಟ್ಟಿಲ ಬದಿಯ ಆನೆಯ ಸೊಂಡಿಲು, ಯಾಳಿಯ ಹಲ್ಲು, ಇವು ಕೈಗೆ ಸಿಗುವ ಎತ್ತರದಲ್ಲಿ ನುಣುಪಾಗಿ ಹೊಳೆಯುತ್ತಿದ್ದವು. ಒಂದು ಮೊಳ ಮೇಲಿನ ಶಿಲ್ಪ ಮೊದಲಿನ ಒರಟುತನವನ್ನು ಉಳಿಸಿಕೊಂಡಿತ್ತು. ಕೈಯಿಟ್ಟವರಲ್ಲಿ ಒಬ್ಬನಿಗೂ ತಾನು ಕಲ್ಲನ್ನು ಸವೆಸುತ್ತಿದ್ದೇನೆಂಬ ಎಣಿಕೆಯಿರಲಿಲ್ಲ. ಅವನ ಪಾಲು ಅಷ್ಟು ಅಲ್ಪ.

ಈ ಅಲ್ಪದ ಮೊತ್ತವೇ ನಮ್ಮ ಶಾಸ್ತ್ರದ ಮೂಲ ಸಮಸ್ಯೆ. ಎದುರಿನ ಕಲ್ಲಿನ ರಥದ ಗಾಲಿಗಳು ಹಿಂದೆ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ನೋಡಿ ಸವೆದದ್ದರಿಂದ ಅವುಗಳನ್ನು ಗಾರೆಯಿಂದ ಬಿಗಿದು ನಿಲ್ಲಿಸಬೇಕಾಯಿತು. 1856ರಲ್ಲಿ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗ ಅದೂ ಇಲ್ಲ. ಫ್ರಾನ್ಸಿನ ಲಾಸ್ಕೋ ಗುಹೆಯ ಉದಾಹರಣೆ ಇನ್ನೂ ವಿಚಿತ್ರ. ಆದಿಮಾನವನ ವರ್ಣಚಿತ್ರಗಳಿರುವ ಆ ಗುಹೆ ಬೆಳಕಿಗೆ ಬಂದದ್ದು 1940ರಲ್ಲಿ, ಜನರಿಗೆ ತೆರೆದದ್ದು 1948ರಲ್ಲಿ. ಅಲ್ಲಿ ಯಾರೂ ಚಿತ್ರಗಳನ್ನು ಮುಟ್ಟಿ ಕೆಡಿಸಬೇಕಾಗಲಿಲ್ಲ. ಬಂದವರ ಉಸಿರೇ ಸಾಕಾಯಿತು. ಉಸಿರಿನ ತೇವ, ಇಂಗಾಲಾಮ್ಲ, ದೀಪದ ಬೆಳಕು ಇವುಗಳಿಂದ ಗೋಡೆಯ ಮೇಲೆ ಪಾಚಿ ಹಬ್ಬಿ, 1963ರಲ್ಲಿ ಗುಹೆಯನ್ನು ಮುಚ್ಚಿದರು. ಇಪ್ಪತ್ತು ವರ್ಷಗಳ ನಂತರ ಹತ್ತಿರದಲ್ಲೇ ಅದರ ಪ್ರತಿಕೃತಿಯನ್ನು ಕಟ್ಟಿ ಜನರಿಗೆ ತೋರಿಸಿದರು. ಮೆಚ್ಚಿ ಬಂದವರೇ, ಬರೀ ಬಂದು ನಿಂತದ್ದರಿಂದಲೇ, ಮೆಚ್ಚಿದ್ದನ್ನು ಕೆಡಿಸಿದ ಪ್ರಸಂಗ ಅದು.

ಹಾಗಾದರೆ ಒಂದು ತಾಣ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು? ಧಾರಣಶಕ್ತಿ ಎಂದು ಇದಕ್ಕೆ ಹೆಸರು. ಎತ್ತಿನ ಗಾಡಿಗೆ ಇಂತಿಷ್ಟು ಚೀಲವೆಂಬಂತೆ ಊರಿಗೆ ಇಂತಿಷ್ಟು ಜನವೆಂದು ಅಂಕಿ ಹೇಳಿಬಿಡಬಹುದೆಂದು ಮೊದಲಲ್ಲಿ ನಾನೂ ತಿಳಿದಿದ್ದೆ. ಆದರೆ ನೂರು ಜನ ಸಾಲಾಗಿ ಸುತ್ತುವರಿದು ಹೋದರೆ ಆಗದ ಕೇಡು ಹತ್ತು ಜನ ಒಂದು ಮೂಲೆಯಲ್ಲಿ ನೂಕಾಡಿದರೆ ಆಗುತ್ತದೆ. ಅಂಕಿಗಿಂತ ಹರಿವು ಮುಖ್ಯ. ಇದನ್ನು ನನಗೆ ಮನಗಾಣಿಸಿದ್ದು ಯಾವ ಪುಸ್ತಕವೂ ಅಲ್ಲ, ವಿರೂಪಾಕ್ಷನ ತೇರು. ಚೈತ್ರದ ತೇರಿಗೆ ಬರುವ ಜನಸಾಗರದ ಮುಂದೆ ನಮ್ಮ ದಿನನಿತ್ಯದ ಪ್ರವಾಸಿಗಳು ಬೊಗಸೆ ನೀರು. ಆದರೂ ಆ ಜನ ಎಲ್ಲಿ ಇಳಿಯಬೇಕು, ಎಲ್ಲಿ ಮೀಯಬೇಕು, ಎಲ್ಲಿ ಅಡುಗೆಗೆ ಒಲೆ ಹೂಡಬೇಕು, ತೇರಿನ ಹಗ್ಗಕ್ಕೆ ಯಾವ ಕಡೆಯಿಂದ ಕೈ ಹಾಕಬೇಕು ಎಂಬುದನ್ನು ಮನೆಯಿಂದಲೇ ತಿಳಿದು ಬರುತ್ತಾರೆ. ಪ್ರದಕ್ಷಿಣೆಯನ್ನೇ ನೋಡಿ. ಎಲ್ಲರೂ ಎಡದಿಂದ ಬಲಕ್ಕೆ ಒಂದೇ ದಿಕ್ಕಿನಲ್ಲಿ ಸುತ್ತುವುದರಿಂದ ಎದುರುಬದುರಿನ ನೂಕುನುಗ್ಗಲೇ ಇಲ್ಲ. ಸಾಲುಮರ, ಅರವಟ್ಟಿಗೆ, ಛತ್ರ, ಪುಷ್ಕರಣಿ ಇವೆಲ್ಲ ನಮ್ಮ ಹಿರಿಯರು ಪುಣ್ಯದ ಹೆಸರಿನಲ್ಲಿ ಬರೆದಿಟ್ಟ ನಿರ್ವಹಣಾಶಾಸ್ತ್ರವೇ. ಹಾಗೆಂದು ನಮ್ಮವರಿಗೆ ಎಲ್ಲವೂ ಗೊತ್ತಿತ್ತೆಂದು ಬೀಗಬೇಕಾಗಿಲ್ಲ. ತೇರಿನ ಮರುದಿನ ಹೊಳೆಯ ದಂಡೆಯನ್ನು ನೋಡಿದವರು ಹಾಗೆ ಬೀಗಲಾರರು.

ಯಾತ್ರಿಕನಿಗೂ ಪ್ರವಾಸಿಗೂ ಇರುವ ವ್ಯತ್ಯಾಸ ಇಲ್ಲಿದೆ. ಯಾತ್ರಿಕನಿಗೆ ಊರಿನ ನಡಾವಳಿ ಗೊತ್ತು. ಪ್ರವಾಸಿಗೆ ಗೊತ್ತಿಲ್ಲ, ಯಾರಾದರೂ ಹೇಳಬೇಕು. ನಾವು ಹೇಳುವ ಬದಲು ಹಲಗೆ ನೆಟ್ಟೆವು. 'ಮುಟ್ಟಬಾರದು' ಎಂಬ ಹಲಗೆ ಬಂದ ಮೇಲೆ ಮುಟ್ಟುವವರು ಹೆಚ್ಚಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಅಲ್ಲೇನೋ ವಿಶೇಷವಿದೆಯೆಂದು! ಈ ಕಂಬದಲ್ಲಿ ಬಿರುಕಿದೆ, ನಿಮ್ಮ ಕೈ ತಗುಲಿದರೆ ಅದು ಬೆಳೆಯುತ್ತದೆ ಎಂದು ಕಾರಣವನ್ನು ಹೇಳಿದರೆ ಮಾತ್ರ ಜನ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು.

ಇನ್ನು ಎರಡನೆಯ ತಪ್ಪು. ಮೊದಲನೆಯದು ಕಲ್ಲಿಗೆ ಮಾಡಿದ್ದು; ಇದು ಮನುಷ್ಯರಿಗೆ ಮಾಡಿದ್ದು.

ಹಂಪೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಲ್ಲಿ, ಆನೆಗೊಂದಿಯ ಕಡೆಗೆ ಕಟ್ಟುತ್ತಿದ್ದ ಸೇತುವೆಗಳ ಕಾರಣದಿಂದ, ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. 2006ರಲ್ಲಿ ಅದರಿಂದ ಹೊರಬಂತು. ಆ ಸೇತುವೆಗಳಲ್ಲಿ ದೊಡ್ಡದು 2009ರಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರ ಪ್ರಾಣ ತೆಗೆದುಕೊಂಡಿತು. ಈ ವರ್ಷಗಳಲ್ಲೆಲ್ಲ ಸಭೆಗಳ ಮೇಲೆ ಸಭೆ. ಊರಿನ ಅನುಭವಿಯೆಂದು ನನ್ನನ್ನೂ ಒಂದೆರಡಕ್ಕೆ ಕರೆದಿದ್ದರು. ವಿರೂಪಾಕ್ಷನ ಗುಡಿಯಿಂದ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರು ಚಾಚಿದ ತೇರಿನ ಬೀದಿಯ ಎರಡೂ ಬದಿಯ ಸಾಲುಮಂಟಪಗಳಲ್ಲಿ ಆಗ ಜನ ವಾಸವಾಗಿದ್ದರು. ಕಂಬಗಳ ನಡುವೆ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಅಂಗಡಿ, ಖಾನಾವಳಿ, ಮನೆ ಮಾಡಿಕೊಂಡಿದ್ದರು. ಮಂಟಪಗಳಿಗೆ ಇದರಿಂದ ಧಕ್ಕೆಯಾಗಿದ್ದುದು ನಿಜ. ಅದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ. ಬೀದಿ ತೆರವಾದರೆ ಬಂದವರಿಗೆ ವಿಜಯನಗರದ ಬಜಾರು ಹೇಗಿತ್ತೆಂದು ಕಾಣುತ್ತದೆ ಎಂದು ನಾನು ಆ ಸಭೆಯಲ್ಲಿ ಹುರುಪಿನಿಂದ ಮಾತನಾಡಿದೆ. ಯಾರೋ ಮೇಜು ಕುಟ್ಟಿದರು. ನನ್ನ ಮಾತಿನಿಂದಲೇ ಏನೋ ಆಯಿತೆಂದು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆಡಿದ್ದಂತೂ ಹೌದು.

2011ರ ಜುಲೈ ತಿಂಗಳ ಕೊನೆಯಲ್ಲಿ ಯಂತ್ರಗಳು ಬಂದವು. ಬೀದಿ ತೆರವಾಯಿತು. ಅಲ್ಲಿದ್ದವರಿಗೆ ಕಡ್ಡಿರಾಂಪುರದಲ್ಲಿ ಜಾಗ ಗೊತ್ತುಮಾಡಿದರು. ಕೆಲವು ವಾರಗಳ ಮೇಲೆ, ಬರಿದಾದ ಆ ಬೀದಿಯಲ್ಲಿ ನನ್ನ ಪ್ರವಾಸಿಗಳಲ್ಲಿ ಒಬ್ಬ ಮುದುಕರು ಬಾಯಾರಿ ಕುಸಿದು ಕುಳಿತರು. ನೀರಿಗಾಗಿ ನಾನು ನಾಲ್ಕೂ ಕಡೆ ನೋಡಿದೆ. ಎಲ್ಲಿ ಹಿಂದೆ ಕೂಗಿದರೆ ಚೆಂಬು ಹಿಡಿದು ಬರುವವರಿದ್ದರೋ ಅಲ್ಲಿ ಈಗ ಯಾರೂ ಇರಲಿಲ್ಲ. ಆ ಬೀದಿಯಲ್ಲಿ ಇಡ್ಲಿ ಮಾರುತ್ತಿದ್ದ ಅಮ್ಮನೊಬ್ಬಳು, ದಿನವೂ ನಾನು ಬೆಳಗಿನ ತಿಂಡಿ ತಿನ್ನುತ್ತಿದ್ದುದು ಅವಳಲ್ಲಿಯೇ, ಬಸ್ಸು ನಿಲ್ಲುವಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತಿದ್ದಳು. ಅಲ್ಲಿಂದ ನೀರು ತಂದೆ. ಮುದುಕರು ಚೇತರಿಸಿಕೊಂಡ ಮೇಲೆ ಚೆಂಬು ಹಿಂದಿರುಗಿಸಲು ಹೋದೆ. ಅವಳು ಕೋಪಿಸಿಕೊಳ್ಳಲಿಲ್ಲ. 'ತಮ್ಮಾ, ನೀನು ಮಂದಿಗೆ ತೋರಿಸೋ ಹಂಪ್ಯಾಗ ನಾವು ಇದ್ದಿಲ್ಲೇನಪ್ಪಾ?' ಎಂದಳು. ಸಭೆಯ ಸುದ್ದಿ ಅವಳಿಗೆ ಮುಟ್ಟಿತ್ತೋ ಇಲ್ಲವೋ ನಾನು ಕೇಳಲಿಲ್ಲ.

1975ರಲ್ಲಿ ಡಾಕ್ಸಿ ಎಂಬ ವಿದ್ವಾಂಸ ಒಂದು ಮೆಟ್ಟಿಲ ಸಾಲನ್ನು ಸೂಚಿಸಿದ. ಹೊರಗಿನವರು ಬರತೊಡಗಿದಾಗ ಊರಿನವರಿಗೆ ಮೊದಲು ಸಂಭ್ರಮ, ಬಳಿಕ ಉದಾಸೀನ, ಆಮೇಲೆ ಕಿರಿಕಿರಿ, ಕೊನೆಗೆ ಹಗೆ. ಎಲ್ಲ ಊರುಗಳೂ ಇದೇ ಕ್ರಮದಲ್ಲಿ ನಡೆಯುತ್ತವೆಂದು ನಾನು ನಂಬುವುದಿಲ್ಲ. ಮನುಷ್ಯನ ಮನಸ್ಸಿಗೆ ಮೆಟ್ಟಿಲಿಗಿಂತ ಅಂಕುಡೊಂಕು ಹೆಚ್ಚು. ಆದರೆ ಧಾರಣಶಕ್ತಿ ಕಲ್ಲಿಗೆ ಮಾತ್ರವಲ್ಲ, ಆತಿಥೇಯನ ಮನಸ್ಸಿಗೂ ಇದೆಯೆಂಬ ಅವನ ಒಳನೋಟ ದೊಡ್ಡದು. ವೆನಿಸ್ ನಗರ 2024ರಲ್ಲಿ, ಹಗಲು ಬಂದು ಹಗಲೇ ಹೋಗುವವರಿಗೆ ಕೆಲವು ದಿನಗಳಂದು ಪ್ರವೇಶಶುಲ್ಕ ಹಾಕಿದಾಗ, ಊರೇನು ವಸ್ತುಸಂಗ್ರಹಾಲಯವೇ ಎಂದು ಅಲ್ಲಿಯವರೇ ಬೀದಿಗಿಳಿದರು. ಆ ಪ್ರಶ್ನೆಯನ್ನು ನಾನು ಹದಿಮೂರು ವರ್ಷ ಮೊದಲೇ ಇಡ್ಲಿಯ ಬುಟ್ಟಿಯ ಮುಂದೆ ಕೇಳಿದ್ದೆ.

ಒಳ್ಳೆಯ ಕೆಲಸಗಳೂ ಆಗಿವೆ. ವಿಠ್ಠಲ ದೇವಾಲಯದ ಬಾಗಿಲವರೆಗೆ ಹೊಗೆಯುಗುಳುತ್ತ ಹೋಗುತ್ತಿದ್ದ ವಾಹನಗಳನ್ನು ದೂರದಲ್ಲಿಯೇ ತಡೆದು, ಗೆಜ್ಜಲ ಮಂಟಪದ ಕಡೆಯಿಂದ ಬ್ಯಾಟರಿ ಗಾಡಿಗಳನ್ನು ಓಡಿಸಿದ್ದು ಅಂಥದೊಂದು. ಅವುಗಳ ಚುಕ್ಕಾಣಿಯನ್ನು ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಹಿಡಿದದ್ದನ್ನು ಕಂಡು ನನಗೆ ಆದ ಸಂತೋಷವನ್ನು ಹೇಳಲಾರೆ. ಊರಿನವರಿಗೆ ಊರಿನಲ್ಲಿ ಒಂದು ಕೆಲಸ, ಒಂದು ಅಧಿಕಾರ! 2019ರಲ್ಲಿ ಹಾಳುಗುಡಿಯೊಂದರ ಕಂಬವನ್ನು ತಳ್ಳಿ ಕೆಡವಿದ ಯುವಕರಿಂದ ನ್ಯಾಯಾಲಯವು ದಂಡ ಕಟ್ಟಿಸಿದ್ದಲ್ಲದೆ, ಬಿದ್ದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ದಂಡಕ್ಕಿಂತ ಆ ಎತ್ತುವಿಕೆ ಅವರಿಗೆ ಹೆಚ್ಚು ಕಲಿಸಿರಬೇಕೆಂದು ನನ್ನ ಊಹೆ.

ಈಚೆಗೆ ಹೊಸ ಮಾರ್ಗದರ್ಶಿಗಳಿಗೆ ಒಂದೆರಡು ದಿನ ಪಾಠ ಹೇಳಲು ನನ್ನನ್ನು ಕರೆಯುವುದುಂಟು. ಮೊದಲನೆಯ ದಿನ ನಾನು ಅರಸರ ಹೆಸರುಗಳನ್ನು ಹೇಳುವುದಿಲ್ಲ. ಏಪ್ರಿಲ್ ತಿಂಗಳ ನಡುಹಗಲು ತೇರಿನ ಬೀದಿಯ ಈ ತುದಿಯಿಂದ ಆ ತುದಿಗೆ, ಕೈಯಲ್ಲಿ ನೀರಿಲ್ಲದೆ, ಒಂದು ಮಗುವನ್ನೋ ಮುದುಕರನ್ನೋ ಜೊತೆಗೆ ಕರೆದುಕೊಂಡು ನಡೆದು ಬನ್ನಿ ಎನ್ನುತ್ತೇನೆ. ಬಂದ ಮೇಲೆ, ದಾರಿಯಲ್ಲಿ ಯಾರ ಯಾರ ಮನೆಯ ಮುಂದೆ ಹಾದಿರಿ, ಅವರು ನಿಮ್ಮನ್ನು ಹೇಗೆ ನೋಡಿದರು ಎಂದು ಕೇಳುತ್ತೇನೆ. ಈ ಎರಡನೆಯ ಪ್ರಶ್ನೆಗೆ ಹುಡುಗರು ಸಾಮಾನ್ಯವಾಗಿ ಮುಖ ಮುಖ ನೋಡಿಕೊಳ್ಳುತ್ತಾರೆ. ಈಗ ಅಲ್ಲಿ ಮನೆಗಳಿಲ್ಲವಲ್ಲ ಸಾರ್ ಎನ್ನುತ್ತಾರೆ. ಹೌದು ಎಂದು ಹೇಳಿ, ಆ ಅಮ್ಮನ ಕಥೆಯನ್ನೂ ನನ್ನ ಸಭೆಯ ಭಾಷಣವನ್ನೂ ಹೇಳುತ್ತೇನೆ. ಹುಡುಗನ ಕಥೆಯನ್ನು ಎರಡನೆಯ ದಿನಕ್ಕೆ ಇಟ್ಟುಕೊಂಡಿರುತ್ತೇನೆ. ಅದನ್ನು ಹೇಳುವಾಗ ನನಗೆ ಇಂದಿಗೂ ಸ್ವಲ್ಪ ನೀರು ಕುಡಿಯಬೇಕಾಗುತ್ತದೆ.

ಕಳೆದ ಬಾರಿ ವಿಠ್ಠಲ ದೇವಾಲಯಕ್ಕೆ ಹೋದಾಗ ಮಹಾಮಂಟಪದೊಳಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಹೊರಗೆ ಅಂಗಳದಲ್ಲಿ ನಿಂತು ನೋಡಿದೆ. ಆ ಕಂಬ ಕಾಣುತ್ತದೆ. ಚಕ್ಕೆ ಎದ್ದ ಅಂಚು ಮಾತ್ರ ಒಳಮುಖವಾಗಿದೆ. ಅಂಗಳದಿಂದ ಅದು ಕಾಣುವುದಿಲ್ಲ.