ಅತ್ತಿ ಮರಕ್ಕೂ ಹೂವಿದೆ

ಅಪರೂಪಕ್ಕೆ ಮನೆಗೆ ಬಂದವರನ್ನು ಮರಾಠಿಯವರು 'ಉಂಬರಾಚೆ ಫೂಲ್' ಎಂದು ಛೇಡಿಸುತ್ತಾರೆ. ಉಂಬರ ಎಂದರೆ ನಮ್ಮ ಅತ್ತಿ. ಚೆನ್ನೈಯಲ್ಲಿರುವ ನಮ್ಮವರು ಇದೇ ಅರ್ಥದ 'ಅತ್ತಿ ಪೂತ್ತಾರ್‌ಪೋಲ' ಎಂಬ ತಮಿಳು ಮಾತನ್ನು ಕೇಳಿಯೇ ಇರುತ್ತೀರಿ. ಅತ್ತಿಯ ಹೂವನ್ನು ಕಂಡವರಿಲ್ಲ ಎಂಬುದು ಎಲ್ಲ ಭಾಷೆಯವರ ನಂಬಿಕೆ. ಪುಣೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು ನಾನು. ಹೂವಿನ ಪಾಠಕ್ಕೆ ಎಲ್ಲ ಟೀಚರುಗಳ ಹಾಗೆ ದಾಸವಾಳವನ್ನೇ ಕೊಯ್ದು ತರುತ್ತಿದ್ದೆ. ಆದರೆ ಅತ್ತಿಕಾಯಿ ಸೀಳಿ ತೋರಿಸಿದ ದಿನ ಮಾತ್ರ ಕೊನೆಯ ಬೆಂಚಿನವರೂ ಎದ್ದು ಮುಂದೆ ಬರುತ್ತಿದ್ದರು.

ನಾವು ಅತ್ತಿಕಾಯಿ ಎನ್ನುವುದು ಕಾಯಿಯೇ ಅಲ್ಲ, ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ಎಳೆಯದೊಂದನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ ಭೂತಗನ್ನಡಿ ಹಿಡಿದರೆ ಒಳಗೋಡೆಯ ತುಂಬ ಒತ್ತಾಗಿ ಕೂತ ಪುಟ್ಟ ಪುಟ್ಟ ಹೂಗಳು, ಸಾವಿರದ ಲೆಕ್ಕದಲ್ಲಿ. ಹೊರಗಿನಿಂದ ಒಳಹೋಗಲು ಇರುವುದು ತುದಿಯಲ್ಲಿ ಒಂದೇ ರಂಧ್ರ, ಅದಕ್ಕೂ ಹುರುಪೆಗಳ ಬಾಗಿಲು. ಜೇನಿಗೂ ಚಿಟ್ಟೆಗೂ ಇಲ್ಲಿ ಪ್ರವೇಶವಿಲ್ಲ. ಹಾಗಾದರೆ ಪರಾಗ ತರುವವರು ಯಾರು?

ಎರಡು ಮಿಲಿಮೀಟರ್ ಆಸುಪಾಸಿನ ಒಂದು ಕಣಜ. ವಿಜ್ಞಾನಿಗಳು ಅದನ್ನು ಸೆರಾಟೊಸೋಲೆನ್ ಫ್ಯೂಸಿಸೆಪ್ಸ್ ಎನ್ನುತ್ತಾರೆ, ನಾವು ಅತ್ತಿ ಕಣಜ ಎಂದರೆ ಸಾಕು. ಒಳಗಿನ ಹೆಣ್ಣುಹೂಗಳು ಪಕ್ವವಾದಾಗ ಕಾಯಿ ಒಂದು ವಾಸನೆ ಬಿಡುತ್ತದೆ. ಅದರ ಜಾಡು ಹಿಡಿದು ಹೆಣ್ಣು ಕಣಜ ಬಂದು ರಂಧ್ರದೊಳಗೆ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆಗಳು ಅಲ್ಲೇ ಹರಿದುಹೋಗುತ್ತವೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಕೆಳಗಿನ ಪುಟ್ಟ ಜೇಬುಗಳಲ್ಲಿ ತುಂಬಿ ತಂದ ಪರಾಗವನ್ನು ಮುಂಗಾಲಿನಿಂದ ತೆಗೆದು ಹೂಗಳಿಗೆ ಹಚ್ಚುತ್ತದೆ. ಮೈಗೆ ಅಂಟಿದ ಪರಾಗ ತಾನಾಗಿ ಉದುರಿತು ಎಂಬಂತಲ್ಲ, ಕೆಲಸವೆಂದೇ ಮಾಡುತ್ತದೆ. ಜೊತೆಗೆ ಹೂವಿನ ಕತ್ತಿನಂತಿರುವ ಶಲಾಕೆಯ ಮೂಲಕ ಸೂಜಿಯಂಥ ಅಂಗವನ್ನು ಇಳಿಸಿ ಮೊಟ್ಟೆ ಇಡುತ್ತದೆ. ಗಿಡ್ಡ ಕತ್ತಿನ ಹೂಗಳಲ್ಲಿ ಹೆಚ್ಚಾಗಿ ಮೊಟ್ಟೆ ಸೇರುತ್ತದೆ. ಉದ್ದ ಕತ್ತಿನವುಗಳಲ್ಲಿ ಪರಾಗದಿಂದ ಎಳೆಯಂಥ ನಾಳ ಇಳಿದು ಅಂಡಕ ಮುಟ್ಟಿ, ನಿಷೇಚನ ನಡೆದು ಬೀಜ ಕಟ್ಟುತ್ತದೆ. ಅಂದರೆ ಮರ ತನ್ನ ಕೆಲವು ಹೂಗಳನ್ನು ಕಣಜದ ಮಕ್ಕಳಿಗೆ ಬಿಟ್ಟುಕೊಟ್ಟು, ಉಳಿದವುಗಳಲ್ಲಿ ತನ್ನ ಮಕ್ಕಳನ್ನು ಪಡೆಯುತ್ತದೆ. ತಾಯಿ ಕಣಜ ಒಳಗೇ ಸಾಯುತ್ತದೆ.

ಕೆಲವು ವಾರ ಕಳೆದ ಮೇಲೆ ಮೊದಲು ಹೊರಬರುವವು ರೆಕ್ಕೆಯಿಲ್ಲದ ಗಂಡುಗಳು. ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆಗೆ ಕನ್ನ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಪೂರಾ ಆಯಸ್ಸು ಒಂದು ಕಾಯಿಯೊಳಗೆ! ಗಂಡುಹೂಗಳು ಅರಳುವುದೂ ಈಗಲೇ. ಅವುಗಳ ಪರಾಗವನ್ನು ಜೇಬಿಗೆ ತುಂಬಿಕೊಂಡು ಹೆಣ್ಣುಗಳು ಹಾರಿಹೋಗುತ್ತವೆ. ಕರೆಯದೆ ಬರುವ ಬೇರೆ ಕಣಜಗಳೂ ಇವೆ, ಹೊರಗಿನಿಂದಲೇ ಸೂಜಿ ಚುಚ್ಚಿ ಮೊಟ್ಟೆ ಇಡುವಂಥವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೆ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ಇದೇ ಅತ್ತಿಯ ಈ ಒಳಸಂಸಾರವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಸೊಸೈಟಿಯ ಅತ್ತಿ ಮರ. ಹಣ್ಣು ಬಿದ್ದು ಕಾರುಗಳ ಮೇಲೆ ಕಲೆ, ನೆಲವೆಲ್ಲ ಜಾರು, ಹುಳ ಬೇರೆ. ಮರ ಕಡಿಸಲು ವೃಕ್ಷ ಪ್ರಾಧಿಕಾರಕ್ಕೆ ಅರ್ಜಿ ಹಾಕೋಣ ಎಂದು ಮೀಟಿಂಗಿನಲ್ಲಿ ಮಾತು ಬಂತು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಕಲಬುರಗಿ ಕಡೆಯ ಅಜ್ಜಿಯೊಬ್ಬರು ಮೆಟ್ಟಿಲಲ್ಲಿ ನನ್ನನ್ನು ತಡೆದು, "ಅಕ್ಕಾರ, ಔದುಂಬರ ಗಿಡಾ ಕಡಸ್ತಾರಂತ, ಹೌದೇನ್ರಿ? ದತ್ತ ಮಹಾರಾಜರ ಗಿಡಾರೀ ಅದು" ಎಂದರು. ಗಾಣಗಾಪುರಕ್ಕೂ ನರಸೋಬಾ ವಾಡಿಗೂ ಹೋಗಿಬರುವ ದತ್ತಭಕ್ತರಿಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲದೆ ಈ ಮರ ಪೂಜ್ಯ. ಅಜ್ಜಿಯ ಕಾರಣವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಎಷ್ಟೋ ಅತ್ತಿ ಮರಗಳು ಊರೊಳಗೆ ಉಳಿದಿರುವುದು ಇಂಥವರಿಂದಲೇ.

ನನ್ನ ಕಾರಣ ಬೇರೆ. ಒಂದು ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಬಲಿಯುತ್ತವೆ. ಹೊರಬಿದ್ದ ಹೆಣ್ಣು ಕಣಜಕ್ಕೆ ಆ ಮರದಲ್ಲಿ ಎಳೆಯ ಕಾಯಿ ಸಿಗದು. ಅದಕ್ಕೆ ಇರುವುದು ಒಂದೆರಡು ದಿನದ ಆಯಸ್ಸು, ಅದೂ ಉಪವಾಸ. ಅಷ್ಟರೊಳಗೆ ಸರಿಯಾದ ಹಂತದಲ್ಲಿರುವ ಇನ್ನೊಂದು ಅತ್ತಿ ಸಿಗಬೇಕು. ಒಂದು ಮರ ಹೋದರೆ ಕಣಜದ ವಂಶವೇ ಅಳಿಯುತ್ತದೆ ಎಂದು ಹೆದರಿಸಲು ನನಗೆ ಇಷ್ಟವಿಲ್ಲ, ಅದು ನಿಜವೂ ಅಲ್ಲ. ನಮೀಬಿಯಾದ ಉಗಾಬ್ ನದಿಯ ದಂಡೆಯಲ್ಲಿ ಅತ್ತಿಯ ಹತ್ತಿರದ ಬಂಧುವಾದ ಮರವೊಂದರ ಪರಾಗವನ್ನು ಕಣಜಗಳು ಗಾಳಿಯಲ್ಲಿ ತೇಲುತ್ತ 160 ಕಿಲೋಮೀಟರ್‌ವರೆಗೆ ಒಯ್ದದ್ದು 2009ರಲ್ಲಿ ಪ್ರಕಟವಾಗಿದೆ. ಆದರೆ ಮರಗಳು ವಿರಳವಾದಷ್ಟೂ ದಾರಿ ತಪ್ಪುವ ಕಣಜಗಳು ಹೆಚ್ಚು. ಕಣಜ ತಲುಪದ ಎಳೆಗಾಯಿ ಸಾಮಾನ್ಯವಾಗಿ ಹಣ್ಣಾಗದೆ ಉದುರುತ್ತದೆ. ಕ್ಯಾಲಿಫೋರ್ನಿಯಾದವರು 1880ರ ದಶಕದಲ್ಲಿ ಸ್ಮಿರ್ನಾ ಅಂಜೂರದ ಗಿಡಗಳನ್ನು ತರಿಸಿ ನೆಟ್ಟರು. 1899ರಲ್ಲಿ ಅದರ ಕಣಜವನ್ನೂ ತಂದು ನೆಲೆಗೊಳಿಸುವವರೆಗೆ ತೋಟಗಳಲ್ಲಿ ಹಣ್ಣು ನಿಲ್ಲಲಿಲ್ಲ.

ಮೀಟಿಂಗಿನಲ್ಲಿ ಇದನ್ನು ಹೇಳಿದಾಗ ಜೈನ ಮಹಿಳೆಯೊಬ್ಬರು ಗಾಬರಿಯಿಂದ, ನಾವು ತಿನ್ನುವ ಪುರಂದರದ ಅಂಜೂರದಲ್ಲೂ ಕಣಜವಿದೆಯೇ ಎಂದು ಕೇಳಿದರು. ಇಲ್ಲ. ಅದು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುವ ಜಾತಿ. ಅವರಿಗೆ ಸಮಾಧಾನವಾಯಿತು. ಮರಕ್ಕೆ ಮಾತ್ರ ಪೂರ್ತಿ ಅಭಯ ಸಿಕ್ಕಿಲ್ಲ. ಸದ್ಯ ಕಾರು ನಿಲ್ಲಿಸುವ ಕಡೆ ಕೊಂಬೆಗಳ ಕೆಳಗೆ ಹಸಿರು ಬಲೆ ಕಟ್ಟಿಸಿದ್ದೇವೆ, ಖರ್ಚು ನಾವು ಆರು ಮನೆಯವರದು. ಅರ್ಜಿಯ ವಿಷಯ ಮತ್ತೆ ಬರುವುದು ದಸರಾ ಕಳೆದ ಮೇಲೆ. ಕಾಂಡದ ಮೇಲೆ ಈಗಾಗಲೇ ಮೆಣಸಿನ ಕಾಳಿನಷ್ಟು ಹೊಸ ಕಾಯಿಗಳು ಮೂಡಿವೆ. ಅಷ್ಟರಲ್ಲಿ ಇನ್ನೊಂದು ಬೆಳೆ ಮುಗಿದಿರುತ್ತದೆ.