ಮಲಗಿಸಿದರೆ ಸಾಲದು, ಎಬ್ಬಿಸಲೂ ಬೇಕು

ಗುರುಗ್ರಾಮ, ನೋಯ್ಡಾ, ಫರಿದಾಬಾದ್‌ಗಳಲ್ಲಿ ನೆಲೆಸಿರುವ ನಮಗೆ ನೀಲ್‌ಗಾಯ್ ಹೊಸ ಪ್ರಾಣಿಯೇನಲ್ಲ. ಅರಾವಳಿ ಗುಡ್ಡದಿಂದಲೋ ಯಮುನೆಯ ಬಯಲಿನಿಂದಲೋ ದಾರಿ ತಪ್ಪಿ ಅದು ವಸತಿ ಪ್ರದೇಶಕ್ಕೆ ನುಗ್ಗಿದಾಗ ವಾಟ್ಸಾಪ್ ಗುಂಪುಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಅರಣ್ಯ ಇಲಾಖೆಯವರು ಒಂದು ಇಂಜೆಕ್ಷನ್ ಹೊಡೆದು ಹಿಡಿದುಕೊಂಡು ಹೋಗಬಾರದೇ?

ಹೊಡೆಯಬಹುದು. ಆದರೆ ಡಾರ್ಟ್ ತಗುಲಿದ ಕೂಡಲೇ ಪ್ರಾಣಿ ಕುಸಿದು ಬೀಳುವುದು ಸಿನಿಮಾದಲ್ಲಿ ಮಾತ್ರ. ಮದ್ದು ಸ್ನಾಯುವಿನಿಂದ ರಕ್ತಕ್ಕಿಳಿದು ಮೆದುಳು ಮುಟ್ಟಲು ಹಲವು ನಿಮಿಷಗಳೇ ಬೇಕು. ಅಷ್ಟರಲ್ಲಿ ಬೆದರಿದ ನೀಲ್‌ಗಾಯ್ ಹೆದ್ದಾರಿಗೆ ಹಾರಬಹುದು. ಬೆಟ್ಟದಲ್ಲಿ ಅಪಾಯ ಇನ್ನೂ ಹೆಚ್ಚು. ನೀಲಗಿರಿ ತಾರ್‌, ಹಿಮಾಲಯದ ತಾರ್‌ಗಳು ಹೆದರಿದರೆ ಓಡುವುದೇ ಕಡಿದಾದ ಬಂಡೆಗಳತ್ತ. ಅಲ್ಲಿ ಮಂಪರು ಹತ್ತಿದರೆ ಕೆಳಗೆ ಪ್ರಪಾತ. ಮನುಷ್ಯರಿಗೂ ಇದೇ ಹೊತ್ತು ಗಂಡಾಂತರದ್ದು. 2023ರ ಆಗಸ್ಟ್ 31ರಂದು ಹಾಸನದ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಕಾಡಾನೆಗೆ ಡಾರ್ಟ್ ಹೊಡೆದ 'ಆನೆ ವೆಂಕಟೇಶ್', ತಿರುಗಿಬಿದ್ದ ಅದೇ ಆನೆಯ ದಾಳಿಗೆ ಬಲಿಯಾದರು.

ಪ್ರಾಣಿ ಬಿದ್ದ ಮೇಲೆ ಗಡಿಯಾರದ ಜೊತೆ ಓಟ. ಮೆಲುಕು ಹಾಕುವ ಪ್ರಾಣಿ ಮಗ್ಗುಲಾಗಿ ಮಲಗಿದರೆ ಹೊಟ್ಟೆಯಲ್ಲಿ ಗಾಳಿ ತುಂಬಿ ಉಸಿರು ಕಟ್ಟುತ್ತದೆ. ಮೇವು ಶ್ವಾಸಕೋಶಕ್ಕೂ ಇಳಿಯಬಹುದು. ಹಾಗಾಗಿ ಎದೆಯೂರಿ ಕೂರಿಸಿ, ಕತ್ತನ್ನು ಎತ್ತರಿಸಿ, ಮೂತಿಯನ್ನು ಇಳಿಮುಖವಾಗಿ ಹಿಡಿಯಬೇಕು. ಕಣ್ಣಿಗೆ ಬಟ್ಟೆ ಕಟ್ಟಬೇಕು. ಮೈಬಿಸಿ 41 ಡಿಗ್ರಿ ದಾಟಿದರೆ ನೀರೆರಚಿ ತಂಪು ಮಾಡಬೇಕು. ಬೆನ್ನಟ್ಟಿ ದಣಿಸಿದ ಪ್ರಾಣಿ, ಎದ್ದು ಓಡಿಹೋದರೂ ಸ್ನಾಯುಗಳು ಹಾಳಾಗಿ ಕೆಲವು ದಿನಗಳ ನಂತರ ಸಾಯುವುದುಂಟು.

ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ರೋಲ್‌ಬ್ಯಾಕ್ ಪ್ಲಾನ್ ಇಲ್ಲದೆ ರಿಲೀಸ್ ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವುದು ಕ್ಸೈಲಜಿನ್ ಮತ್ತು ಕೆಟಮಿನ್ ಮಿಶ್ರಣ. ಕ್ಸೈಲಜಿನ್‌ಗೆ ಯೋಹಿಂಬಿನ್, ಅಟಿಪಮೆಜೋಲ್ ಎಂಬ ಪ್ರತಿಮದ್ದುಗಳಿವೆ, ಕೆಟಮಿನ್‌ಗೆ ಇಲ್ಲ. ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ಅವಸರದಲ್ಲಿ ಪ್ರತಿಮದ್ದು ಕೊಟ್ಟರೆ ಉಳಿಯುವುದು ಬರೀ ಕೆಟಮಿನ್. ಆಗ ಮೈ ಸೆಟೆದು ಪ್ರಾಣಿ ಒದ್ದಾಡುತ್ತದೆ.

ಎಟಾರ್ಫಿನ್ ಬೇರೆಯದೇ ಜಾತಿ. ಮಾರ್ಫಿನ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ನಾಲ್ಟ್ರೆಕ್ಸೋನ್ ರಕ್ತನಾಳಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಪ್ರಾಣಿ ಎದ್ದು ನಿಲ್ಲುತ್ತದೆ. ಆದರೆ ಅದರ ಒಂದು ಹನಿ ಮನುಷ್ಯನ ಮೈಗೆ ಸೇರಿದರೂ ಪ್ರಾಣಾಪಾಯ. ಡಾರ್ಟ್ ತುಂಬುವ ಮೊದಲೇ ಮನುಷ್ಯರಿಗೆ ಬೇಕಾದ ಪ್ರತಿಮದ್ದು ಪಕ್ಕದಲ್ಲಿರಬೇಕು.

ಈ ವಿದ್ಯೆ ಫಲ ಕೊಟ್ಟ ಉದಾಹರಣೆ ಮಧ್ಯಪ್ರದೇಶದಲ್ಲಿದೆ. ನಮ್ಮ ಮಲೆನಾಡಿಗರು ಕಾಟಿ ಎಂದು ಕರೆಯುವ ಕಾಡುಕೋಣ ಬಾಂಧವಗಢದಲ್ಲಿ 1990ರ ದಶಕದ ಕೊನೆಗೆ ಅಳಿದುಹೋಗಿತ್ತು. 2011 ಮತ್ತು 2012ರಲ್ಲಿ ಮೈಕಲ್ ಬೆಟ್ಟಸಾಲಿನ ಕಾನ್ಹಾದಿಂದ 50 ಕಾಟಿಗಳನ್ನು ಅಲ್ಲಿಗೆ ಸಾಗಿಸಲಾಯಿತು. ಭಾರತೀಯ ವನ್ಯಜೀವಿ ಸಂಸ್ಥೆಯವರ ಜೊತೆ ದಕ್ಷಿಣ ಆಫ್ರಿಕಾದ ತಜ್ಞರೂ ಇದ್ದರು. ಮಂಪರಿನಲ್ಲಿದ್ದ ಕಾಟಿಗಳನ್ನು ಸ್ಟ್ರೆಚರ್‌ನಲ್ಲಿ ಹೊತ್ತು, ವಾಹನದೊಳಗೆ ಸೇರಿಸಿ, ಅಲ್ಲೇ ಪ್ರತಿಮದ್ದು ಕೊಟ್ಟು ಎಬ್ಬಿಸಿದರು. ಇಂದು ಬಾಂಧವಗಢದಲ್ಲಿ ಅವುಗಳ ಸಂತತಿ ಮೇಯುತ್ತಿದೆ.

ಮುಂದಿನ ಸಲ ನಿಮ್ಮ ಸೊಸೈಟಿಗೆ ನೀಲ್‌ಗಾಯ್ ಬಂದರೆ ಡಾರ್ಟ್‌ಗಾಗಿ ಒತ್ತಾಯಿಸಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ನಾಯಿಗಳನ್ನು ಕಟ್ಟಿ, ಮೊಬೈಲ್ ಹಿಡಿದವರನ್ನು ದೂರ ಸರಿಸಿ, ಅದು ಹೊರಹೋಗುವ ದಾರಿ ತೆರೆದಿಡಿ. ಎಷ್ಟೋ ಬಾರಿ ಅಷ್ಟೇ ಸಾಕಾಗುತ್ತದೆ.