ಕನಿಕರ ಸಾಕು, ಕೆಲಸ ಬೇಕು

ಹೋಟೆಲಿನಲ್ಲಿ ನಿಮಗೆ ಕಾಫಿ ತಂದಿಟ್ಟ ಹುಡುಗಿಗೆ ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾದರೆ ಮೊದಲು ಏನು ಅನ್ನಿಸುತ್ತದೆ? 'ಅಯ್ಯೋ ಪಾಪ' ಅಂತ ತಾನೆ? ನಮ್ಮಲ್ಲಿ ಹೆಚ್ಚಿನವರು ಹಾಗೇ ಬೆಳೆದವರು. ಆದರೆ ಆ ಹುಡುಗಿ ದಾನಕ್ಕೆ ನಿಂತವಳಲ್ಲ, ದುಡಿದು ಸಂಬಳ ತಗೊಳ್ಳುವವಳು. ಕಾಫಿ ಚೆನ್ನಾಗಿತ್ತು ಅಂತ ನೀವು ಇನ್ನೊಮ್ಮೆ ಬಂದರೆ ಅವಳ ಕೆಲಸ ಉಳಿಯುತ್ತದೆ.

2011ರ ಜನಗಣತಿಯ ಪ್ರಕಾರ ದೇಶದಲ್ಲಿದ್ದ ವಿಕಲಚೇತನರು 2.68 ಕೋಟಿ. ಅವರಲ್ಲಿ ದುಡಿಮೆಯಲ್ಲಿದ್ದ ಗಂಡಸರು ಶೇ 47, ಹೆಂಗಸರು ಶೇ 23 ಮಾತ್ರ. ಉಳಿದವರಲ್ಲಿ ಎಷ್ಟೋ ಮಂದಿಗೆ ಕೆಲಸ ಮಾಡುವ ಶಕ್ತಿ ಇತ್ತು. ಕೊಡುವವರು ಇರಲಿಲ್ಲ, ಕೆಲವು ಕಡೆ ಕಳಿಸುವವರೂ ಇರಲಿಲ್ಲ.

ಹುಬ್ಬಳ್ಳಿಯಿಂದ ಸುಪ್ರೀಂ ಕೋರ್ಟಿನವರೆಗೆ

'ಮಿಟ್ಟಿ ಕೆಫೆ' ಹೆಸರು ನೀವು ಕೇಳಿರಬಹುದು. ಅಲೀನಾ ಆಲಂ ಎಂಬ ಯುವತಿ 2017ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ಇದನ್ನು ಶುರು ಮಾಡಿದರು. ಅಡುಗೆ ಮಾಡುವವರು, ಬಡಿಸುವವರು, ಗಲ್ಲಾದಲ್ಲಿ ಕೂರುವವರು ಬಹುಪಾಲು ವಿಕಲಚೇತನರೇ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಇದರ ಮಳಿಗೆ ಬಂತು. 2023ರ ನವೆಂಬರಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ಆವರಣದ ಕೆಫೆಯನ್ನು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಉದ್ಘಾಟಿಸಿದರು.

ಹೋಟೆಲ್ ಕೆಲಸ ಒಂದೇ ಅಲ್ಲ. ಪವಿತ್ರಾ ವೈ.ಎಸ್. 2006ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ 'ವಿಂಧ್ಯ ಇ-ಇನ್ಫೋಮೀಡಿಯಾ' ಕಂಪೆನಿ ಡಾಟಾ ಎಂಟ್ರಿ, ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಕೊಡುವಂಥ ಕೆಲಸಗಳಿಗೆ ವಿಕಲಚೇತನರನ್ನೇ ಹೆಚ್ಚಾಗಿ ಸೇರಿಸಿಕೊಂಡಿತು. 2009ರಲ್ಲಿ ಮುಂಬೈಯಲ್ಲಿ ಧ್ರುವ್ ಲಾಕ್ರಾ ಶುರು ಮಾಡಿದ 'ಮಿರಾಕಲ್ ಕೊರಿಯರ್ಸ್'ನಲ್ಲಿ ಕಿವಿ ಕೇಳದವರೇ ಕಾಗದಪತ್ರ ಹಂಚಿದರು. ಯೋಚಿಸಿ ನೋಡಿ, ಲಕೋಟೆ ಮುಟ್ಟಿಸಲು ವಿಳಾಸ ಓದಲು ಬಂದರೆ ಆಯ್ತು, ಮಾತು ಎಷ್ಟು ಬೇಕು?

ಗುಟ್ಟು ಇಷ್ಟೇ

ಇಂಥ ಕಡೆ ಮನುಷ್ಯರಲ್ಲಿ ಏನಿಲ್ಲ ಅಂತ ಹುಡುಕುವುದಿಲ್ಲ, ಕೆಲಸಕ್ಕೆ ಏನು ಬೇಕು ಅಂತ ನೋಡುತ್ತಾರೆ. ಕಿವಿ ಕೇಳದವರಿಗೆ ಗಂಟೆಯ ಬದಲು ದೀಪ ಹೊತ್ತಿಸಬಹುದು, ಮೆನು ಕಾರ್ಡಿಗೆ ನಂಬರ್ ಹಾಕಬಹುದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಬುದ್ಧಿಮಾಂದ್ಯತೆ ಇರುವವರಿಗೆ ಕೆಲಸವನ್ನು ತುಂಡು ತುಂಡಾಗಿ ಬಿಡಿಸಿ, ಚಿತ್ರ ಬರೆದು ಗೋಡೆಗೆ ಅಂಟಿಸಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಬಾಗಿಲಲ್ಲಿ ಇಳಿಜಾರು ಬೇಕು, ಬಾತ್‌ರೂಮಿನ ಬಾಗಿಲು ಅಗಲ ಇರಬೇಕು. ಇವುಗಳಲ್ಲಿ ಎಷ್ಟೋ ವ್ಯವಸ್ಥೆಗೆ ದೊಡ್ಡ ಖರ್ಚೇನೂ ಇಲ್ಲ.

ಗ್ರಾಹಕರಾಗಿ ಹೋದಾಗ

* ಜೊತೆಯವರನ್ನು 'ಇವರಿಗೆ ಅರ್ಥ ಆಗುತ್ತಾ?' ಅಂತ ಕೇಳಬೇಡಿ. ನೇರ ಅವರೊಂದಿಗೇ ವ್ಯವಹರಿಸಿ.
* ಕಿವಿ ಕೇಳದವರ ಎದುರಿಗೇ ನಿಂತು ಮಾತಾಡಿ. ಕೂಗಿ ಪ್ರಯೋಜನವಿಲ್ಲ, ತಿಳಿಯದಿದ್ದರೆ ಚೀಟಿಯಲ್ಲಿ ಬರೆದು ತೋರಿಸಿ.
* ಕಾಫಿ ತಣ್ಣಗಿದ್ದರೆ ಹೇಳಿ. ಪಾಪ ಅಂತ ಸುಮ್ಮನೆ ಕುಡಿದು, ಆಮೇಲೆ ಆ ಕಡೆ ತಲೆ ಹಾಕದಿದ್ದರೆ ಅವರಿಗೇ ನಷ್ಟ.
* ಹುಟ್ಟುಹಬ್ಬ, ಗೃಹಪ್ರವೇಶ, ದೀಪಾವಳಿ ಉಡುಗೊರೆಗೆ ಇಂಥ ಕಡೆ ಒಂದು ಆರ್ಡರ್ ಕೊಟ್ಟು ನೋಡಿ.

ನೀವೇ ಕೆಲಸ ಕೊಡುವವರಾದರೆ

ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತೀರಾ? ಟೈಲರಿಂಗ್ ಇದೆಯಾ? ತೂಕ ಹಾಕುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು, ಗುಂಡಿ ಹೊಲಿಯುವುದು ಹೀಗೆ ಕೆಲಸಗಳನ್ನು ಬೇರೆ ಬೇರೆ ಪಟ್ಟಿ ಮಾಡಿ. ಅದರಲ್ಲಿ ಒಂದನ್ನು ಕೊಟ್ಟು, ಕಲಿಯಲು ಕೆಲವು ದಿನ ಬಿಡಿ. ಸಂಬಳ ಮಾತ್ರ ಬೇರೆಯವರಷ್ಟೇ ಕೊಡಿ. 'ಕೆಲಸ ಕೊಟ್ಟಿದ್ದೇ ಹೆಚ್ಚು' ಅಂತ ಅರ್ಧ ಕೂಲಿ ಕೊಡುವುದು ಸಹಾಯವಲ್ಲ. ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ ಟ್ರಸ್ಟ್‌ನಂಥ ಸಂಸ್ಥೆಗಳು ತರಬೇತಿ ಕೊಟ್ಟು ಕೆಲಸಕ್ಕೆ ಕಳಿಸುತ್ತವೆ. ಜನ ಬೇಕಿದ್ದರೆ ಅಲ್ಲಿ ವಿಚಾರಿಸಬಹುದು.

ಅಮ್ಮಂದಿರಿಗೆ ಒಂದು ಮಾತು

ಮನೆಯಲ್ಲಿ ಇಂಥ ಮಗು ಇದ್ದರೆ, 'ನನ್ನ ಕಾಲ ಆದಮೇಲೆ ಇದರ ಗತಿ ಏನು?' ಎಂಬ ಯೋಚನೆ ರಾತ್ರಿ ನಿದ್ದೆ ಕೆಡಿಸುವುದು ಸಹಜ. ಅದಕ್ಕೇ ಎಷ್ಟೋ ತಾಯಂದಿರು ಮಗನಿಗೆ ಇಪ್ಪತ್ತು ದಾಟಿದರೂ ತಾವೇ ತಲೆ ಬಾಚುತ್ತಾರೆ, ತಟ್ಟೆ ತೊಳೆಯಲೂ ಬಿಡುವುದಿಲ್ಲ. ಪ್ರೀತಿಯೇ ಅದು, ಆದರೆ ಅವನಿಗೆ ಅಡ್ಡ ಬರುವುದೂ ಅದೇ. ಕೆಲಸದ ಜಾಗದಲ್ಲಿ ಬೇಕಾಗುವುದು ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ ಮಾಡಿ ತಯಾರಾಗುವುದು, ಚಿಲ್ಲರೆ ಎಣಿಸುವುದು, ಬಸ್ಸು ಗುರುತಿಸುವುದು. ಇವೆಲ್ಲ ನಿಮ್ಮ ಮನೆಯಲ್ಲೇ ಕಲಿಯಬೇಕಾದದ್ದು. ಇವತ್ತೇ ಅಂಗಡಿಯಿಂದ ಹಾಲು ತರಲು ಕಳಿಸಿ. ನಾಲ್ಕು ಸಲ ತಪ್ಪು ಚಿಲ್ಲರೆ ತರಬಹುದು, ತರಲಿ ಬಿಡಿ.

'ಹೆಣ್ಣುಮಗಳು, ಹೇಗೆ ಕಳಿಸೋದು?' ಅಂತೀರಾ? ಮೊದಲು ನೀವೇ ಹೋಗಿ ಜಾಗ ನೋಡಿ. ಜೊತೆಯಲ್ಲಿ ಹೆಂಗಸರು ಇದ್ದಾರಾ, ಹೋಗಿ ಬರುವ ವ್ಯವಸ್ಥೆ ಏನು, ತೊಂದರೆಯಾದರೆ ಯಾರಿಗೆ ಹೇಳಬೇಕು ಅಂತ ಕೇಳಿ ತಿಳಿದುಕೊಳ್ಳಿ. ಹೆಣ್ಣೆಂಬ ಒಂದೇ ಕಾರಣಕ್ಕೆ ಬಾಗಿಲು ಹಾಕಬೇಡಿ. ಶೇ 23 ಎಂಬ ಲೆಕ್ಕದ ಹಿಂದೆ ಇಂಥ ಹೆದರಿಕೆಯ ಪಾಲೂ ಇದೆ.

ಕಾಗದಪತ್ರವೂ ಸರಿಯಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲು ಇಟ್ಟಿದೆ. ಇದಕ್ಕೆ ಕನಿಷ್ಠ ಶೇ 40 ವೈಕಲ್ಯ ಇದೆ ಎಂಬ ಪ್ರಮಾಣಪತ್ರ ಬೇಕು. 'ಯುಡಿಐಡಿ' ಕಾರ್ಡಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇನ್ನೂ ಮಾಡಿಸಿಲ್ಲವಾದರೆ ಈ ವಾರವೇ ಮಾಡಿಸಿ.

ಪಕ್ಕದ ಮನೆಯಲ್ಲಿ ಇಂಥ ಹುಡುಗನೋ ಹುಡುಗಿಯೋ ಇದ್ದರೆ ಅವರ ಅಮ್ಮನಿಗೂ ಈ ವಿಷಯ ತಿಳಿಸಿ. 'ಹೇಗಿದ್ದಾನೆ ಪಾಪ?' ಎಂದು ಕೇಳುವ ಬದಲು 'ಏನು ಮಾಡಲು ಬರುತ್ತೆ ಅವನಿಗೆ?' ಅಂತ ಕೇಳಿ. ಉತ್ತರ ಕೇಳಿ ನಿಮಗೇ ಆಶ್ಚರ್ಯವಾದೀತು.